ಬುಡ ಬಿಡಿಸು ಅಂದರೆ ಏನು?

ಬಾಲ್ಕನಿ ತೋಟದ ಬಗ್ಗೆ ಮಾತಾಡಿ ಅಂದಿರಿ. ನಾನು ಕೊಂದ ಗಿಡದಿಂದಲೇ ಶುರು ಮಾಡ್ತೀನಿ.

ನಾನು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ, ಅತ್ತೆ ಉಡುಪಿ ಕಡೆಯವರು. ಬಂದಾಗ ಒಂದು ಮಲ್ಲಿಗೆ ಗಿಡ ತಂದುಕೊಟ್ಟಿದ್ದರು. ಎಲೆ ಹಳದಿಯಾಯಿತು ಅಂತ ಫೋನ್ ಮಾಡಿದೆ. "ಬುಡ ಬಿಡಿಸು ಮಾರಾಯ್ತಿ, ಸರಿಯಾಗ್ತದೆ" ಅಂದರು. ನಾನು ಗಿಡವನ್ನೇ ಕುಂಡದಿಂದ ಬಿಡಿಸಿ, ಬೇರು ತೊಳೆದು ಮತ್ತೆ ನೆಟ್ಟೆ. ಏಪ್ರಿಲ್ ಬಿಸಿಲು, ವಾರದೊಳಗೆ ಒಣಗಿತು. ಅವರು ಹೇಳಿದ್ದು ಇಷ್ಟೇ: ಬುಡದ ಸುತ್ತ ಗಟ್ಟಿಯಾದ ಮಣ್ಣನ್ನು ಮೇಲುಮೇಲೆ ಕೆದಕು, ಬೇರಿಗೆ ಗಾಳಿಯಾಡಲಿ, ನೀರು ನಿಲ್ಲದಿರಲಿ. ಗಿಡ ಸತ್ತದ್ದನ್ನು ಅವರಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಬೈಯಲಿಲ್ಲ, ಬೇರು ಬಿಟ್ಟ ಗೆಲ್ಲೊಂದನ್ನು ಕಳಿಸಿದರು.

ಈಗ ಅರ್ಥವಾಗದ್ದನ್ನು ಕೇಳಿಬಿಡ್ತೀನಿ. "ಕೊಡಿ ಚಿವುಟು" ಅಂದಾಗ, ಯಾರಿಗೆ ಕೊಡಬೇಕು ಅಂತಲೇ ಕೇಳಿದ್ದೆ! ಕೊಡಿ ಅಂದರೆ ಕುಡಿ. ತುದಿಯ ಎಳೆ ಚಿಗುರನ್ನು ಉಗುರಿನಲ್ಲಿ ತೆಗೆದರೆ ಪಕ್ಕದಲ್ಲಿ ಕವಲೊಡೆಯುತ್ತದೆ. ಸವರುವುದು ಬೇರೆ, ಕತ್ತರಿ ಹಿಡಿದು ಗೆಲ್ಲುಗಳನ್ನೇ ಗಿಡ್ಡ ಮಾಡುವುದು, ಮಲ್ಲಿಗೆಗೆ ಚಳಿಗಾಲದಲ್ಲಿ. ತೇವ ಆರದಂತೆ ಬುಡಕ್ಕೆ ಒಣ ಎಲೆ ಹೊದಿಸಿದರೆ ಮುಚ್ಚಿಗೆ. ಗೊಬ್ಬರದ ಪೊಟ್ಟಣದ ಮೇಲಿನ 19:19:19 ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ. ನನ್ನ ಮಗ ಅದನ್ನು ತಾರೀಕು ಅಂದುಕೊಂಡಿದ್ದ.

ಅತ್ತೆಯ ಗೆಲ್ಲು ಈಗ ನನ್ನ ಸೊಂಟದೆತ್ತರ ಬೆಳೆದಿದೆ. ಈ ಡಿಸೆಂಬರ್‌ನಲ್ಲಿ ಮೊದಲ ಸಲ ಸವರಬೇಕು. ವಿಡಿಯೋ ಕಾಲ್ ಮಾಡಿ, ಅವರು "ಅಲ್ಲಿ, ಅಲ್ಲೇ" ಅಂದ ಮೇಲೇ ಕತ್ತರಿ ಇಡ್ತೀನಿ.