ಒಂದು ಕಿಲೋ ತೂಕಕ್ಕೆ ಎಷ್ಟು ಬಡ್ಡಿ?



ಈ ಸಭೆಯಲ್ಲಿ ಎಂಜಿನಿಯರುಗಳೇ ಹೆಚ್ಚು. ರೇಸ್ ಕಾರಿನ ಬಗ್ಗೆ ಮಾತಾಡಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಯಾಕೆ ನಿಲ್ಲಿಸಿದರು ಅಂತ ನಿಮಗೆ ಅನ್ನಿಸಬಹುದು. ಕಾರಣ ಇಲ್ಲೇ ಇದೆ. ಬರ್ಕ್ಲಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ‘ಫಾರ್ಮುಲಾ ಎಲೆಕ್ಟ್ರಿಕ್ ಅಟ್ ಬರ್ಕ್ಲಿ’ ಎಂಬ ತಂಡ ಕಟ್ಟಿಕೊಂಡು ವಿದ್ಯುತ್ ರೇಸ್ ಕಾರು ಮಾಡುತ್ತಾರೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ತಂಡದ್ದೂ ಇದೇ ಜಾತಿಯ ಕೆಲಸ. ಇದಕ್ಕೆಲ್ಲ ಮೂಲ 1981ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಸ್ಪರ್ಧೆ. ಅದರ ಅಂಕಪಟ್ಟಿ ನೋಡಿದಾಗ, ಇದು ನಮ್ಮವರ ಆಟವೇ ಅನ್ನಿಸಿತು.

ಒಟ್ಟು 1000 ಅಂಕ. ಅದರಲ್ಲಿ 325 ಅಂಕ ಕಾರು ನಿಂತಿರುವಾಗಲೇ ತೀರ್ಮಾನವಾಗುತ್ತದೆ: ವಿನ್ಯಾಸಕ್ಕೆ 150, ವೆಚ್ಚದ ಲೆಕ್ಕಕ್ಕೆ 100, ವ್ಯಾಪಾರದ ಮಂಡನೆಗೆ 75. ಓಡುವ ಭಾಗದಲ್ಲಿ ಸುಮಾರು 22 ಕಿ.ಮೀ.ಗಳ ದೀರ್ಘ ಓಟಕ್ಕೆ 275, ಅದರಲ್ಲಿ ತೋರಿದ ಮಿತವ್ಯಯಕ್ಕೆ 100. ಎಲ್ಲರೂ ಚಪ್ಪಾಳೆ ತಟ್ಟುವ 75 ಮೀಟರಿನ ನೇರ ಓಟಕ್ಕೆ ಬರೀ 100.

ಕಬ್ಬಿಣ ಕತ್ತರಿಸುವ ಎಷ್ಟೋ ತಿಂಗಳ ಮೊದಲೇ ಈ ಕಾರು ಕಂಪ್ಯೂಟರಿನಲ್ಲಿ ಓಡುತ್ತದೆ. ಆಪ್ಟಿಮಮ್‌ಲ್ಯಾಪ್‌ನಂಥ ತಂತ್ರಾಂಶಕ್ಕೆ ತೂಕ, ಟಾರ್ಕ್, ಗೇರ್ ಅನುಪಾತ, ಟೈರಿನ ಹಿಡಿತ ಕೊಟ್ಟರೆ ಒಂದು ಸುತ್ತಿಗೆ ಎಷ್ಟು ಸಮಯ ಅಂತ ಹೇಳುತ್ತದೆ. ಅಲ್ಲಿ ತಪ್ಪಿದರೆ ಒಂದು ಗುಂಡಿ ಒತ್ತಿ ತಿದ್ದಬಹುದು. ಬ್ಯಾಟರಿ ಚಿಕ್ಕದಾಗಿ ನಿಜವಾದ ಕಾರು ಹದಿನೆಂಟನೇ ಕಿಲೋಮೀಟರಿನಲ್ಲಿ ನಿಂತರೆ ವರ್ಷದ ದುಡಿಮೆಯೇ ನಿಂತಂತೆ. ರಾತ್ರಿ ಎರಡು ಗಂಟೆಯವರೆಗೆ ಮಗ ಪರದೆ ಮುಂದೆ ಕೂತಿದ್ದರೆ ಆಟ ಆಡುತ್ತಿದ್ದಾನೆ ಅಂತ ಬೈಯುವ ಮೊದಲು ಪರದೆಯಲ್ಲಿ ಏನಿದೆ ಅಂತ ಒಮ್ಮೆ ನೋಡಿ.

ಈಗ ಒಂದು ಲೆಕ್ಕದ ಕಾರು ತೆಗೆದುಕೊಳ್ಳೋಣ. ಚಾಲಕ ಸೇರಿ 300 ಕಿಲೋ. ನಿಯಮ ಕೊಡುವ ಗರಿಷ್ಠ ಶಕ್ತಿ 80 ಕಿಲೋವಾಟ್. ಹಿಂದಿನ ಟೈರುಗಳು ನೆಲವನ್ನು ಹಿಡಿದು ತಳ್ಳಬಲ್ಲ ಬಲ ಸುಮಾರು 2,700 ನ್ಯೂಟನ್ ಅಂತ ಇಟ್ಟುಕೊಳ್ಳಿ. ಮೋಟಾರಿನ ಟಾರ್ಕ್ 200 ನ್ಯೂಟನ್ ಮೀಟರ್, ಗೇರ್ ಮೂರು ಪಟ್ಟು, ಚಕ್ರದ ತ್ರಿಜ್ಯ 23 ಸೆಂ.ಮೀ. ಆದರೆ ನೆಲಕ್ಕೆ ಸಿಗುವುದು 2,600 ನ್ಯೂಟನ್; ಹಿಡಿತಕ್ಕೆ ಸರಿಹೊಂದಿತು. ಗೇರನ್ನು ನಾಲ್ಕು ಪಟ್ಟು ಮಾಡಿದರೆ 3,500 ಬರುತ್ತದೆ, ಆದರೆ ಹೆಚ್ಚಿನದ್ದು ಚಕ್ರ ಸುಮ್ಮನೆ ತಿರುಗಿ ಹೊಗೆಯಾಗಿ ಹೋಗುತ್ತದೆ. ಬಿಲ್ ಹಾಕಿದ್ದೀರಿ, ವಸೂಲಾಗಲಿಲ್ಲ.

ಶಕ್ತಿ ಎಂದರೆ ಬಲ ಗುಣಿಸು ವೇಗ. ಹಾಗಾಗಿ ಈ ಕಾರಿಗೆ ಗಂಟೆಗೆ ಸುಮಾರು 107 ಕಿ.ಮೀ. ಮುಟ್ಟುವವರೆಗೂ 80 ಕಿಲೋವಾಟ್ ಪೂರ್ತಿ ಬೇಕಾಗುವುದೇ ಇಲ್ಲ. ಅಲ್ಲಿಯತನಕ ಟೈರೇ ಯಜಮಾನ. 75 ಮೀಟರಿನ ಓಟದಲ್ಲಿ ಮೊದಲ 50 ಮೀಟರ್ ಹೀಗೇ ಕಳೆಯುತ್ತದೆ. ಶಕ್ತಿಯನ್ನು 60ಕ್ಕೆ ಇಳಿಸಿ, ಗಾಳಿಯ ತಡೆ ಬಿಟ್ಟು, ಕೈಲೆಕ್ಕ ಹಾಕಿದೆ. ಕಾಲುಭಾಗ ಶಕ್ತಿ ಬಿಟ್ಟುಕೊಟ್ಟರೆ ಆ ಓಟದಲ್ಲಿ ಕಳೆದುಕೊಳ್ಳುವುದು ಸೆಕೆಂಡಿನ ನೂರರಲ್ಲಿ ನಾಲ್ಕೈದು ಭಾಗ! ನಿಯಮ 80 ಅಂದಿದೆ ಎಂದು 80ಕ್ಕೇ ಮೋಟಾರು ಕೊಳ್ಳುವುದು, ಕ್ರೆಡಿಟ್ ಕಾರ್ಡಿನ ಮಿತಿಯನ್ನೇ ಸಂಬಳ ಅಂದುಕೊಂಡಂತೆ.

ತೂಕದ ಸ್ವಭಾವ ಬೇರೆ. ಶಕ್ತಿ ನೇರ ಹಾದಿಯಲ್ಲಿ ಮಾತ್ರ ದುಡಿಯುತ್ತದೆ. ತೂಕಕ್ಕೆ ಪ್ರತಿ ಬ್ರೇಕಿನಲ್ಲಿ, ಪ್ರತಿ ತಿರುವಿನಲ್ಲಿ, ತಿರುವು ಬಿಟ್ಟೇಳುವಾಗ ಬಡ್ಡಿ ಕಟ್ಟಬೇಕು. ತೂಕ ಹೆಚ್ಚಿದರೆ ಟೈರು ನೆಲವನ್ನು ಇನ್ನೂ ಗಟ್ಟಿಯಾಗಿ ಒತ್ತುತ್ತದಲ್ಲ, ಹಿಡಿತವೂ ಹೆಚ್ಚಬೇಕಲ್ಲ ಅಂತ ಕೇಳುವವರಿದ್ದಾರೆ. ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಒಂದೊಂದು ಕಿಲೋ ಸೇರಿದಾಗಲೂ ಪ್ರತಿಫಲ ಕುಗ್ಗುತ್ತಾ ಹೋಗುತ್ತದೆ. ನಮ್ಮ ಬೆಂಗಳೂರಿನ ಚೇತನ್ ಮೈನಿ ಇದನ್ನು ವಿದ್ಯಾರ್ಥಿಯಾಗಿದ್ದಾಗಲೇ ಕಂಡವರು. 1990ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸೌರ ಕಾರು ‘ಸನ್‌ರನ್ನರ್’ ತಂಡದಲ್ಲಿದ್ದರು, ಆಮೇಲೆ ಇಲ್ಲೇ ಸ್ಟ್ಯಾನ್‌ಫರ್ಡಿನಲ್ಲಿ ಓದಿದರು, 2001ರಲ್ಲಿ ಬೆಂಗಳೂರಿನ ರಸ್ತೆಗೆ ‘ರೇವಾ’ ತಂದರು. ಒಂದೆರಡು ಇಸ್ತ್ರಿ ಪೆಟ್ಟಿಗೆಯಷ್ಟು ಶಕ್ತಿಯಲ್ಲಿ ಓಡಬೇಕಾದ ಸೌರ ಕಾರಿನಲ್ಲಿ ಗ್ರಾಮಿಗೂ ಲೆಕ್ಕ ಇರುತ್ತದೆ.

ಹಾಗಂತ ಕಂಡದ್ದನ್ನೆಲ್ಲ ಕತ್ತರಿಸಿ ಎಸೆಯಿರಿ ಅಂತ ನಾನು ಹೇಳಲಾರೆ. ಕಾರ್ಬನ್ ಫೈಬರಿನಲ್ಲಿ ಇಳಿಸಿದ ಎರಡು ಕಿಲೋ, ವೆಚ್ಚದ 100 ಅಂಕಗಳಲ್ಲಿ ಎದ್ದು ಬರುತ್ತದೆ. ಬ್ಯಾಟರಿಯಲ್ಲಂತೂ ನಾನು ಹಳೇ ಕಾಲದ ಅಕೌಂಟೆಂಟೇ. ಕಿಲೋಮೀಟರಿಗೆ ಕಾಲು ಯೂನಿಟ್ ಅಂತ ಹಿಡಿದರೆ 22 ಕಿ.ಮೀ.ಗೆ ಐದೂವರೆ ಯೂನಿಟ್ ಬೇಕು. ಚಾಲಕ ಹುಮ್ಮಸ್ಸಿನಲ್ಲಿ ಶೇಕಡಾ 10 ಹೆಚ್ಚು ಒತ್ತಿದರೆ ಆರು ದಾಟಿತು. ಯೂನಿಟ್ಟಿಗೆ 8 ಕಿಲೋ ಎಂದುಕೊಂಡರೂ ಮುಕ್ಕಾಲು ಯೂನಿಟ್ ಮೀಸಲಿಗೆ 6 ಕಿಲೋ. 275 ಅಂಕ ಕಾಯುವ ಮೀಸಲು ನಿಧಿ ಅದು, ಅದನ್ನು ಮುಟ್ಟಬೇಡಿ. ಮೋಟಾರು ಚಿಕ್ಕದು ಮಾಡಿ ಆ 6 ಕಿಲೋವನ್ನು ಅಲ್ಲಿಂದ ಹುಟ್ಟಿಸಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಆಪ್ಟಿಮಮ್‌ಲ್ಯಾಪ್ ಕಾರನ್ನು ಒಂದು ಚುಕ್ಕೆ ಎಂದೇ ಎಣಿಸುತ್ತದೆ. ಆ 6 ಕಿಲೋ ಚಾಲಕನ ಬೆನ್ನ ಹಿಂದೆ ತಳದಲ್ಲಿದೆಯೋ, ಮೇಲಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಕಾರಿಗೆ ಗೊತ್ತಾಗುತ್ತದೆ: ತಿರುವಿನಲ್ಲಿ ಒಳಬದಿಯ ಚಕ್ರ ಹಗುರಾಗುವುದೇ ಅದರಿಂದ. ಆ ಲೆಕ್ಕಕ್ಕೆ ಬೇರೆ ತಂತ್ರಾಂಶ ಬೇಕು, ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಕೂತಿದ್ದೀರಿ. ಊಟಕ್ಕೆ ಇನ್ನೂ ಹತ್ತು ನಿಮಿಷ ಇದೆ, ಪ್ರಶ್ನೆ ಕೇಳಿ.