ಗಾಳಿಕಂಡಿಗೂ ಒಂದು ಲೆಕ್ಕವಿದೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೈದರಾಬಾದಿಗೆ ಬಂದು ನೆಲೆಸಿದ ನಮ್ಮವರಲ್ಲಿ ಕಾರು ನಡೆಸುವವರಿದ್ದಾರೆ, ರಿಪೇರಿ ಮಾಡುವವರಿದ್ದಾರೆ, ಬಡಗಿಗಳಿದ್ದಾರೆ, ವೈರಿಂಗ್ ಕೆಲಸದವರಿದ್ದಾರೆ. ಈ ನಾಲ್ವರ ಕೈಯೂ ಕೂಡುವ ಒಂದು ವಸ್ತುವೆಂದರೆ ಕಾರಿನ ಡಿಕ್ಕಿಯಲ್ಲಿಡುವ ಸಬ್‌ವೂಫರ್ ಪೆಟ್ಟಿಗೆ. ಆ ಪೆಟ್ಟಿಗೆಯ ಗಾಳಿಕಂಡಿ, ಅಂದರೆ ಪೋರ್ಟ್, ಎಷ್ಟು ಅಗಲ, ಎಷ್ಟು ಉದ್ದ ಇರಬೇಕೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಮ್ಮ ಅಪ್ಪಣೆಯಾಗಿದೆ. ವಿಷಯ ಚಿಕ್ಕದು. ಆದರೆ ಇದರಲ್ಲಿ ತಪ್ಪಿದರೆ ಪ್ಲೈವುಡ್ಡಿನ ಬೆಲೆ ಹೋಗುತ್ತದೆ, ಎರಡು ದಿನದ ಕೂಲಿ ಹೋಗುತ್ತದೆ, ಕೆಲಸಗಾರನ ಹೆಸರೂ ಹೋಗುತ್ತದೆ.

ನಾವು ಮೊದಲ ಪೆಟ್ಟಿಗೆ ಕಟ್ಟಿದಾಗ ಕಣ್ಣಂದಾಜಿನಿಂದಲೇ ತೂತು ಕೊರೆದು ಕೈಗೆ ಸಿಕ್ಕ ಕೊಳವೆ ತುರುಕಿದೆವು. ಹಾಡು ಹಾಕಿದೊಡನೆ ಡೋಲಿನ ಪೆಟ್ಟಿಗಿಂತ ಮೊದಲು ಕೊಳವೆಯ ಬುಸುಗುಟ್ಟುವಿಕೆ ಕೇಳಿಸಿತು. ಕಾರಿನ ಯಜಮಾನರು ಪೆಟ್ಟಿಗೆಯನ್ನು ಹಿಂದಕ್ಕೆ ಕೊಟ್ಟರು. ತಪ್ಪು ಅವರದೂ ಅಲ್ಲ, ಸ್ಪೀಕರಿನದೂ ಅಲ್ಲ. ಅಳತೆ ಮಾಡದ ನಮ್ಮ ಕೈಯದು.

ನಮ್ಮ ಊರಿನ ಗೋಲ್ಕೊಂಡ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಫತೇ ದರವಾಜದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರು ದೂರದ ಬಾಲಾ ಹಿಸ್ಸಾರಿನಲ್ಲಿ ಕೇಳಿಸುತ್ತದೆ. ಅದು ಗೋಡೆ ಗುಮ್ಮಟಗಳು ಸದ್ದನ್ನು ಎತ್ತಿ ಎಸೆಯುವ ರೀತಿ. ನಮ್ಮ ಪೆಟ್ಟಿಗೆಯ ಗುಟ್ಟು ಬೇರೆ. ಅದು ಸೋಡಾ ಬಾಟಲಿಯ ಗುಟ್ಟು. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಹೂಂ ಎನ್ನುತ್ತದಷ್ಟೆ? ಕೊರಳಿನ ಗಾಳಿ ಒಂದು ತೂಕದ ಗುಂಡಿನಂತೆ, ಹೊಟ್ಟೆಯ ಗಾಳಿ ಒಂದು ಸ್ಪ್ರಿಂಗಿನಂತೆ. ಗುಂಡು ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ. ಹೊಟ್ಟೆ ದೊಡ್ಡದಾದರೆ ಶ್ರುತಿ ಇಳಿಯುತ್ತದೆ. ಕೊರಳು ಉದ್ದವಾದರೂ ಇಳಿಯುತ್ತದೆ. ಬಾಯಿ ಅಗಲವಾದರೆ ಏರುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 1863ರ ತನ್ನ ಗ್ರಂಥದಲ್ಲಿ ಇಂಥ ಪಾತ್ರೆಗಳ ವಿಚಾರವನ್ನು ಬರೆದ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಥುರಾಸ್ ಕಂಡಿಯುಳ್ಳ ಸ್ಪೀಕರ್ ಪೆಟ್ಟಿಗೆಗೆ 1932ರಲ್ಲಿ ಪೇಟೆಂಟ್ ಪಡೆದ. 1961ರಲ್ಲಿ ಆಸ್ಟ್ರೇಲಿಯದ ಥೀಲ್, ಆಮೇಲೆ 1970ರ ದಶಕದಲ್ಲಿ ಸ್ಮಾಲ್, ಇದನ್ನು ಕೆಲಸಗಾರನ ಲೆಕ್ಕಕ್ಕೆ ಇಳಿಸಿದರು. ಇಂದು ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸ್ಪೀಕರ್ ಕೊಳ್ಳುವಾಗ ಅದರ ಜೊತೆಯ ಕಾಗದವನ್ನು ಕೇಳಿ ಪಡೆಯಿರಿ. ಅದರಲ್ಲಿರುವುದು ಅವರಿಬ್ಬರ ಹೆಸರಿನ ಅಂಕಿಗಳೇ. ಎಷ್ಟು ಲೀಟರಿನ ಪೆಟ್ಟಿಗೆ, ಎಷ್ಟು ಶ್ರುತಿ ಎಂಬುದನ್ನೂ ಹಲವು ತಯಾರಕರು ಕೊಟ್ಟಿರುತ್ತಾರೆ.

ಒಂದು ಉದಾಹರಣೆ ಹಿಡಿಯೋಣ. 12 ಅಂಗುಲದ ಸ್ಪೀಕರಿಗೆ 50 ಲೀಟರು ಗಾಳಿ ಬೇಕು, ಶ್ರುತಿ 35 ಹರ್ಟ್ಸ್ ಬೇಕು ಎಂದಿಟ್ಟುಕೊಳ್ಳಿ.

ಮೊದಲನೆಯದು, ಗಾಳಿಯ ಲೆಕ್ಕ. 18 ಮಿಲಿಮೀಟರಿನ ಪ್ಲೈವುಡ್ಡಿನಲ್ಲಿ ಹೊರಗಿನಿಂದ 53.6, 39.6, 35.6 ಸೆಂಟಿಮೀಟರಿನ ಪೆಟ್ಟಿಗೆ ಮಾಡಿದರೆ ಹೊರ ಅಳತೆ 75 ಲೀಟರು ಮೀರುತ್ತದೆ. ಒಳಗಿನ ಅಳತೆಯಾದರೋ 50, 36, 32, ಅಂದರೆ 57.6 ಲೀಟರು. ಅದರಲ್ಲಿ ಸ್ಪೀಕರಿನ ಬೆನ್ನು ಸುಮಾರು 3 ಲೀಟರು, ಕೊಳವೆ 3 ಲೀಟರು, ಒಳಗಿನ ಪಟ್ಟಿಗಳು ಒಂದೂವರೆ ಲೀಟರು ತಿನ್ನುತ್ತವೆಂದರೆ ಉಳಿಯುವುದು 50. ಈ 50 ಮಾತ್ರವೇ ನಿಜವಾದ ಹೊಟ್ಟೆ.

ಎರಡನೆಯದು, ಉದ್ದದ ಲೆಕ್ಕ. ಕೊಳವೆಯ ಒಳವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು 23,562ರಿಂದ ಗುಣಿಸಿ. ಬೇರೊಂದು ಕಡೆ ಶ್ರುತಿಯನ್ನು ಶ್ರುತಿಯಿಂದಲೇ ಗುಣಿಸಿ, ಲೀಟರಿನಿಂದಲೂ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಕೊಳವೆಯ ಎರಡು ತುದಿಗಳ ಹೊರಗಿನ ಗಾಳಿಯೂ ಒಂದಿಷ್ಟು ಜೊತೆಗೂಡಿ ಆಡುವುದರಿಂದ, ವ್ಯಾಸದ 0.73 ಪಾಲನ್ನು ಕಳೆಯಿರಿ. ಉಳಿದದ್ದೇ ಉದ್ದ. ನಮ್ಮ ಪೆಟ್ಟಿಗೆಗೆ ಏಳೂವರೆ ಸೆಂಟಿಮೀಟರಿನ ಕೊಳವೆಯಾದರೆ ಸುಮಾರು 16 ಸೆಂಟಿಮೀಟರು ಉದ್ದ, 10ರದ್ದಾದರೆ 31, 15ರದ್ದಾದರೆ 75ಕ್ಕೂ ಮಿಕ್ಕು, ಅದು ಪೆಟ್ಟಿಗೆಯಲ್ಲೇ ಹಿಡಿಯದು.

ಹಾಗಾದರೆ ಸಣ್ಣದನ್ನೇ ಹಾಕೋಣವೆಂದು ನೀವು ಕೇಳಬಹುದು. ಆದುದರಿಂದ ಮೂರನೆಯದು, ಗಾಳಿಯ ವೇಗ. ಪ್ರತಿ ತೂಗಾಟದಲ್ಲೂ ಅರ್ಧ ಲೀಟರು ಗಾಳಿ ಒಂದು ಕಡೆಗೆ ತಳ್ಳಲ್ಪಡುತ್ತದೆ ಎನ್ನಿ. 35 ಹರ್ಟ್ಸಿನಲ್ಲಿ ಏಳೂವರೆಯ ಕೊಳವೆಯೊಳಗೆ ಆ ಗಾಳಿ ಸೆಕೆಂಡಿಗೆ 25 ಮೀಟರಿನವರೆಗೆ ಓಡುತ್ತದೆ. 10ರ ಕೊಳವೆಯಲ್ಲಿ 14 ಮಾತ್ರ. ಸುಮಾರು 17 ದಾಟಬಾರದೆಂಬುದು ಕಸುಬಿನವರ ರೂಢಿ, ದಾಟಿದರೆ ಬುಸುಗುಟ್ಟುತ್ತದೆ. ನಮ್ಮ ಮೊದಲ ಪೆಟ್ಟಿಗೆಗೆ ಹಿಡಿದ ದೆವ್ವ ಇದೇ. ಆದುದರಿಂದ ಸದ್ದಿಗೆ ಬೇಕಾದಷ್ಟು ಅಗಲ, ಆ ಅಗಲಕ್ಕೆ ತಕ್ಕ ಉದ್ದ, ಆ ಉದ್ದ ಹಿಡಿಯುವ ಪೆಟ್ಟಿಗೆ, ಈ ಮೂರನ್ನೂ ಮರಕ್ಕೆ ಗರಗಸ ಹಾಕುವ ಮೊದಲೇ ಕಾಗದದ ಮೇಲೆ ಕೂಡಿಸಬೇಕು.

ಇನ್ನು ಕೆಲವು ಎಚ್ಚರಿಕೆಗಳು. ಅಂಗಡಿಯಲ್ಲಿ 110 ಎಂದು ಕೊಡುವ ಪಿ.ವಿ.ಸಿ. ಕೊಳವೆಯ ಆ ಅಂಕಿ ಹೊರವ್ಯಾಸದ್ದು. ಒಳವ್ಯಾಸವನ್ನು ನೀವೇ ಅಳೆದು ಲೆಕ್ಕ ಹಾಕಿ. ಕೊಳವೆಯ ಒಳತುದಿಗೂ ಎದುರಿನ ಗೋಡೆಗೂ ಕಡೆಯ ಪಕ್ಷ ಒಂದು ವ್ಯಾಸದಷ್ಟು ಎಡೆ ಬಿಡಿ. ಆ 31ರ ಕೊಳವೆಯನ್ನು 36ರ ಕಡೆಗೆ ಇಟ್ಟರೆ ಉಸಿರು ಕಟ್ಟುತ್ತದೆ. 50ರ ಕಡೆಗೆ ಇಟ್ಟರೆ ಸರಿಯಾಗುತ್ತದೆ. ತುದಿಯ ಅಂಚನ್ನು ಉಜ್ಜಿ ದುಂಡಗೆ ಮಾಡಿ. ಹೊರ ಅಳತೆಯ 75 ಲೀಟರನ್ನೇ ನಂಬಿ ಲೆಕ್ಕ ಹಾಕಿದವನ ಕೊಳವೆ 18 ಸೆಂಟಿಮೀಟರಿಗೆ ನಿಲ್ಲುತ್ತದೆ; ಶ್ರುತಿ 35ರ ಬದಲು ಸುಮಾರು 43ಕ್ಕೆ ಏರುತ್ತದೆ. ಆಗ ಕೆಳಗಿನ ಸ್ವರ ಬರುವುದಿಲ್ಲ. ಅದಕ್ಕಿಂತ ಕೆಡುಕೆಂದರೆ, ಶ್ರುತಿಗಿಂತ ಕೆಳಗೆ ಹೋದಾಗ ಪೆಟ್ಟಿಗೆಯ ಗಾಳಿ ಸ್ಪೀಕರನ್ನು ಹಿಡಿದು ನಿಲ್ಲಿಸುವುದಿಲ್ಲ. ಅದರ ಶಂಕು ಅಂಕೆ ಮೀರಿ ಹಾರಿ ಸುರುಳಿ ಹಾಳಾಗುತ್ತದೆ. ಆಂಪ್ಲಿಫಯರಿನಲ್ಲಿ ಸಬ್‌ಸೋನಿಕ್ ಫಿಲ್ಟರ್ ಇದ್ದರೆ ಅದನ್ನು ಶ್ರುತಿಗಿಂತ ತುಸು ಕೆಳಗೆ ಇಡಿ.

ಕೊಳವೆಯನ್ನು ಮೊದಲು ಎರಡು ಸೆಂಟಿಮೀಟರು ಉದ್ದವಾಗಿಯೇ ಇಟ್ಟುಕೊಳ್ಳಿ. ಕತ್ತರಿಸಬಹುದು, ಬೆಳೆಸಲಾಗದು. ಮೊಬೈಲಿನಿಂದ ಒಂದೊಂದೇ ಸ್ವರವನ್ನು ಮೆಲ್ಲನೆ ನುಡಿಸುತ್ತ ಶಂಕುವನ್ನು ನೋಡಿ. ಯಾವ ಸ್ವರಕ್ಕೆ ಅದು ಅತಿ ಕಡಿಮೆ ಅಲುಗಿ ಕೊಳವೆಯ ಗಾಳಿ ಹೆಚ್ಚು ಆಡುತ್ತದೆಯೋ ಅದೇ ಪೆಟ್ಟಿಗೆಯ ಶ್ರುತಿ. ಮೃದಂಗದವನು ಕಚೇರಿಗೆ ಮುಂಚೆ ಶ್ರುತಿ ನೋಡಿಕೊಳ್ಳುವುದಿಲ್ಲವೇ? ನಾವೂ ಪೆಟ್ಟಿಗೆಯನ್ನು ಒಪ್ಪಿಸುವ ಮುನ್ನ ನೋಡಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಸರಿಯಾಗಿ ಕಟ್ಟಿದ ಪೆಟ್ಟಿಗೆ ಕಡಿಮೆ ಶಕ್ತಿಯಲ್ಲೇ ತುಂಬಿದ ಮಂದ್ರ ಕೊಡುತ್ತದೆ, ಕೂಗಿಸಬೇಕಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತಿಗೆ ಕಟ್ಟುನಿಟ್ಟು ವಿಧಿಸಿವೆ. ವಾಸದ ಬಡಾವಣೆಗೆ ರಾತ್ರಿಯ ಮಿತಿ 45 ಡೆಸಿಬೆಲ್. ನಿಯಮದ ಮಾತು ಹಾಗಿರಲಿ, ಆ ಗಲ್ಲಿಯ ಗೋಡೆಯಾಚೆ ಮಲಗಿರುವವನೂ ಪಾಳಿ ಮುಗಿಸಿ ಬಂದ ನಮ್ಮಂಥ ಕೂಲಿಗಾರನೇ. ಯಜಮಾನರಿಗೆ ಈ ಮಾತನ್ನು ವಿನಯದಿಂದ ಹೇಳುವುದೂ ನಮ್ಮ ಕಸುಬಿನ ಭಾಗವೇ.

ಬಂಧುಗಳೇ, ಅಂದಾಜು ತಪ್ಪಿದಾಗ ನಷ್ಟವನ್ನು ತೆರುವವನು ಬಡ ಕೆಲಸಗಾರ. ಒಂದು ಟೇಪು, ಒಂದು ಪೆನ್ಸಿಲು, ಹತ್ತು ನಿಮಿಷದ ಗುಣಾಕಾರ, ಇಷ್ಟಿದ್ದರೆ ಆ ನಷ್ಟ ತಪ್ಪುತ್ತದೆ.