ಹುಣಸೂರಿನ ಎತ್ತು, ಗೆಲಿಲಿಯೋನ ಗುಂಡು

ಚಲನೆಯ ಚರಿತ್ರೆ ಎಂದೊಡನೆ ಗೆಲಿಲಿಯೋ, ನ್ಯೂಟನ್ ನೆನಪಾಗುತ್ತಾರೆ. ಆ ಸಾಲಿನಲ್ಲಿ ನಮ್ಮ ಹುಣಸೂರಿಗೂ ಒಂದು ಜಾಗ ಕೇಳಲು ಇವತ್ತು ಬಂದಿದ್ದೇನೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆಂದೇ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಅವರು ಆಳುತ್ತಿದ್ದಾಗಲೇ, 1687ರಲ್ಲಿ, ಲಂಡನ್ನಿನಲ್ಲಿ ಚಲನೆಯ ಬಗೆಗಿನ ನ್ಯೂಟನ್ನನ ಗ್ರಂಥ ‘ಪ್ರಿನ್ಸಿಪಿಯ’ ಅಚ್ಚಾಯಿತು. ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಇಂಗ್ಲಿಷರ ಕೈಸೇರಿದವು. ಮುಂದೆ ಹುಣಸೂರೇ ಅವುಗಳ ಮುಖ್ಯ ಠಾಣೆ.

ಫಿರಂಗಿ ಎಳೆಯುವುದು ಈ ಎತ್ತುಗಳ ಕೆಲಸ. 1781ರಲ್ಲಿ ಚಿದಂಬರಂ ನೆರವಿಗೆ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದನ್ನು ಇಂಗ್ಲಿಷರೇ ಮೆಚ್ಚಿ ಬರೆದಿದ್ದಾರೆ. ಲೆಕ್ಕ ಹಾಕಿ ನೋಡಿ: 160 ಕಿಲೋಮೀಟರ್, 60 ಗಂಟೆ. ಗಂಟೆಗೆ ಮೂರು ಕಿಲೋಮೀಟರೂ ಇಲ್ಲ! ಇಷ್ಟೇನಾ ಅನ್ನಿಸಬಹುದು. ಇದು ಸರಾಸರಿ ವೇಗ. ಮೇವು, ನೀರು, ನಿದ್ದೆ, ಹೊಳೆ ದಾಟಿದ್ದು ಎಲ್ಲವೂ ಆ 60 ಗಂಟೆಯೊಳಗೇ. ಗಾಲಿ ಉರುಳುತ್ತಿದ್ದ ಹೊತ್ತಿನ ವೇಗ ಇದಕ್ಕಿಂತ ಎಷ್ಟೋ ಹೆಚ್ಚು. ಯುದ್ಧದಲ್ಲಿ ಲೆಕ್ಕಕ್ಕೆ ಬರುವುದು ಮಾತ್ರ ಆ ಸರಾಸರಿಯೇ: ಬಂದು ಮುಟ್ಟಿದ್ದು ಯಾವಾಗ?

ಗಾಡಿ ಹೊಡೆದವರಿಗೆ ಗೊತ್ತು, ಹೇರು ತುಂಬಿದ ಗಾಡಿ ಕದಲುವ ಗಳಿಗೆಯೇ ಕಷ್ಟ. ಎತ್ತು ತಲೆ ತಗ್ಗಿಸಿ ನೊಗಕ್ಕೆ ಹೆಗಲು ಕೊಡುತ್ತದೆ, ಇಬ್ಬರು ಗಾಲಿಗೆ ಕೈಹಾಕಿ ನೂಕುತ್ತಾರೆ. ಒಮ್ಮೆ ಕದಲಿತೋ, ಎಳೆತ ಹಗುರ. ವೇಗ ಬದಲಾಗಬೇಕಾದರೆ ಬಲ ಬೇಕು. ಆ ಬದಲಾವಣೆಯ ದರವೇ ವೇಗೋತ್ಕರ್ಷ. ಇದ್ದ ವೇಗ ಹಾಗೇ ಉಳಿಯಲು? ಬಲವೇ ಬೇಡ ಎಂದ ಗೆಲಿಲಿಯೋ. ಅದಕ್ಕೆ ಮೊದಲು ಶತಮಾನಗಳ ಕಾಲ ನಡೆದದ್ದು ಅರಿಸ್ಟಾಟಲನ ಮಾತು: ಎಳೆಯುವುದು ನಿಂತರೆ ಚಲನೆಯೂ ನಿಲ್ಲುತ್ತದೆ. ಎತ್ತು ನಿಂತರೆ ಗಾಡಿ ನಿಲ್ಲುವುದನ್ನು ದಿನವೂ ಕಂಡವರು ನಂಬದೆ ಏನು ಮಾಡಿಯಾರು?

ಗೆಲಿಲಿಯೋ ಇಳಿಜಾರು ಹಲಗೆಯ ಕಾಲುವೆಯಲ್ಲಿ ನುಣುಪಾದ ಕಂಚಿನ ಗುಂಡು ಉರುಳಿಸಿದ. ನಿಖರವಾದ ಗಡಿಯಾರ ಎಲ್ಲಿತ್ತು? ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಹೊತ್ತು ಅಳೆದ. ಹೊತ್ತು ಎರಡರಷ್ಟಾದರೆ ದೂರ ನಾಲ್ಕರಷ್ಟು! 1638ರಲ್ಲಿ ಪುಸ್ತಕವಾಗಿ ಬಂದ ಈ ಪ್ರಯೋಗದ ಮುಂದೆ ನನಗೆ ಇಂದಿಗೂ ಕೈಮುಗಿಯಬೇಕೆನಿಸುತ್ತದೆ. ಹಾಗಾದರೆ ಎತ್ತು ನಿಂತಾಗ ಗಾಡಿಯನ್ನು ನಿಲ್ಲಿಸುವುದು ಅಚ್ಚಿನ, ರಸ್ತೆಯ ಘರ್ಷಣೆ. ನಮ್ಮ ರೈತ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದುದು ಅದಕ್ಕೇ.

1860ರಲ್ಲಿ ಖರ್ಚಿನ ನೆಪದಲ್ಲಿ ಅಮೃತಮಹಲನ್ನು ಮುಚ್ಚಿ ದನಗಳನ್ನು ಮಾರಿದರು. ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದರು. ಈಗ ಪಿರಿಯಾಪಟ್ಟಣದ ಹೊಗೆಸೊಪ್ಪು ಸಾಗುವುದು ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ. ಅಲ್ಲೂ ಹೊರಡಲು ಮೊದಲನೇ ಗೇರೇ ಬೇಕು. ಎತ್ತು ನೋಡಬೇಕೆಂದರೆ ಕೆ.ಆರ್. ನಗರದ ಹತ್ತಿರದ ಚುಂಚನಕಟ್ಟೆ ಜಾತ್ರೆಗೆ ಹೋಗಿ. ಅಮೃತಮಹಲಿನ ರಕ್ತಸಂಬಂಧಿ ಹಳ್ಳಿಕಾರ್ ಜೋಡಿಗಳು ಅಲ್ಲಿ ಸಿಗುತ್ತವೆ. ಕೊಳ್ಳುವವರು ಹಲ್ಲು, ಸುಳಿ ನೋಡುತ್ತಾರೆ. ಅಷ್ಟಕ್ಕೆ ಬಿಡುವುದಿಲ್ಲ, ನಡೆಸಿಯೂ ನೋಡುತ್ತಾರೆ.